ಕಾವುಕೋಳಿಯ ಕೋಟೆ

ತೇಜು ನದಿಯ ಈಚೆ ದಡದ ಬರೈರು ಊರಿನಲ್ಲಿ, ಬಾಲ್ಬಿನುವಿನ ಕಾಫಿ ಅಂಗಡಿಯೊಳಗೆ, ಅರ್ಲಿಂದು ಕ್ವಾರೆಸ್ಮಾನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಮಹಾರಾಜರು’ ಎನ್ನುತ್ತಿದ್ದರು. ಮಹಾರಾಜರಿಗೆ ಒಂದು ಕಾಫಿ, ಮಹಾರಾಜರಿಗೆ ಕಿಟಕಿ ಪಕ್ಕದ ಕುರ್ಚಿ, ಮಹಾರಾಜರು ಡಾಮಿನೋದಲ್ಲಿ ಮತ್ತೆ ಸೋತರು.

ಇದಕ್ಕೆಲ್ಲ ಕಾರಣ ಒಂದೇ ಒಂದು ಮಾತು, ಅದೂ ಅಪ್ಪಟ ನಿಜವಾದ ಮಾತು. ಬಹಳ ಹಿಂದೆ, ದೋಣಿಯಲ್ಲಿ ಹಗ್ಗ ಎಸೆಯುವ ಕೆಲಸಕ್ಕೆ ಅವನು ಹೊಸದಾಗಿ ಸೇರಿದ್ದಾಗ, “ನಿಂದು ಯಾವೂರಯ್ಯ?” ಎಂದು ಯಾರೋ ಕೇಳಿದರು. ಅರ್ಲಿಂದು ನದಿಯಾಚೆ ಲಿಸ್ಬನ್ನಿನ ಗುಡ್ಡದ ಮೇಲೆ ಬಿಸಿಲಿಗೆ ಬೆಳಗುತ್ತಿದ್ದ ಕೋಟೆಯತ್ತ ಬೆರಳು ತೋರಿಸಿ, “ಅಗೋ, ಅದರೊಳಗೆ ಹುಟ್ಟಿದ್ದು” ಎಂದ. ಕೋಟೆಯ ಹೊರಗೋಡೆಯೊಳಗೆ ಒಂದು ಇಗರ್ಜಿ ಇದೆ, ಅದರ ಸುತ್ತ ನಾಲ್ಕಾರು ಗಲ್ಲಿಗಳಿವೆ, ಅಲ್ಲಿ ಬಟ್ಟೆ ಒಗೆಯುವವರು, ಮೀನು ಹೊರುವವರು, ಚಪ್ಪಲಿ ಹೊಲಿಯುವವರು ಬದುಕುತ್ತಾರೆ, ತಾನು ಹುಟ್ಟಿದ್ದು ಅಲ್ಲೊಂದು ಇದ್ದಿಲ ಅಂಗಡಿಯ ಅಟ್ಟದ ಮೇಲೆ ಎಂದೆಲ್ಲ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಕೇಳಿದವನು ತಲೆಯ ಮೇಲಿನ ಟೋಪಿ ತೆಗೆದುಬಿಟ್ಟ. ತೆಗೆದ ಟೋಪಿಯನ್ನು ಮತ್ತೆ ಹಾಕಿಕೋ ಎನ್ನುವುದು ಸಭ್ಯತೆಯಲ್ಲವೆಂದು ಅರ್ಲಿಂದು ಬಾಯಿ ಮುಚ್ಚಿಕೊಂಡ.

ಆಮೇಲೆ ಕೋಟೆ ಬೆಳೆಯಿತು. ಕಾವಲುಗಾರ ತನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ ಎಂದ. ತನಗೆಂಥ ಟಿಕೆಟ್ಟು ಎಂದ. ಕೋಟೆಯೊಳಗಿನ ನವಿಲುಗಳಂತೂ “ನಮ್ಮ ಮನೆಯವೇ” ಎಂದ. ಈ ಕೊನೆಯ ಮಾತನ್ನು ಹೇಳುವಾಗ ಮಾತ್ರ ಅವನ ದನಿ ತಗ್ಗುತ್ತಿತ್ತು. ಕೇಳುವವರು ಅದನ್ನು ವಿನಯವೆಂದುಕೊಂಡರು.

ವಿಚಿತ್ರವೆಂದರೆ, ನಿವೃತ್ತನಾಗುವವರೆಗೂ ಪ್ರತಿದಿನ ಅವನ ದೋಣಿ ಆ ಗುಡ್ಡದ ಬುಡಕ್ಕೇ ಹೋಗಿ ನಿಲ್ಲುತ್ತಿದ್ದರೂ ಮಹಾರಾಜರು ಒಮ್ಮೆಯೂ ಗುಡ್ಡ ಹತ್ತಿರಲಿಲ್ಲ. ಹತ್ತದಿರಲು ಕಾರಣವಿತ್ತು. ಕೋಟೆಯ ಗಲ್ಲಿಗಳಲ್ಲಿ ಇಗರ್ಜಿಯಲ್ಲಿಟ್ಟ ಹೆಸರು ಇಗರ್ಜಿಯಲ್ಲೇ ಉಳಿಯುತ್ತದೆ. ಬೀದಿ ಇಡುವ ಹೆಸರೇ ಹೆಸರು. ಬಾಯಿ ಬಿಟ್ಟರೆ ಬೈಗುಳವೇ ಬರುತ್ತಿದ್ದ ಹುಡುಗನಿಗೆ ‘ಪಾದ್ರಿ’ ಎಂದು ಹೆಸರು. ಅರ್ಲಿಂದುವಿಗೆ ಬೀದಿ ಇಟ್ಟ ಹೆಸರು ‘ಕಾವುಕೋಳಿ’. ಯಾಕೆ ಎಂಬುದನ್ನು ನಾನು ಹೇಳುವುದಿಲ್ಲ. ಹೇಳಲು ನನಗಿಂತ ಗಟ್ಟಿ ಗಂಟಲಿನವರು ಇದ್ದಾರೆ, ಸ್ವಲ್ಪ ಹೊತ್ತಿನಲ್ಲಿ ಕಿಟಕಿ ತೆರೆಯುತ್ತಾರೆ. ಈ ಹೆಸರು ಹೆಂಡತಿ ಫೆಲಿಸ್ಮಿನಾಳಿಗೂ ಗೊತ್ತಿರಲಿಲ್ಲ. ಬಾಲ್ಬಿನುವಿನ ಅಂಗಡಿಯಲ್ಲಿ, ಅದರಲ್ಲೂ ಡಾಮಿನೋದಲ್ಲಿ ಯಾವಾಗಲೂ ಗೆಲ್ಲುವ ಜಸಿಂತುವಿನ ಕಿವಿಗೆ ಅದು ಬಿದ್ದರೆ ರಾಜ್ಯ ಹೋಯಿತು ಎಂದೇ ಅರ್ಥ.

ಬಾಲ್ಬಿನುವಿನ ಅಂಗಡಿಯವರು ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಪ್ರವಾಸ ಹೋಗುವುದು ವಾಡಿಕೆ. ಆ ವರ್ಷ ಜೂನ್ ಮೊದಲ ವಾರದಲ್ಲಿ ಬಾಲ್ಬಿನು ಕಾಫಿ ಯಂತ್ರದ ಹಿಂದಿನಿಂದ ಘೋಷಿಸಿದ: “ಈ ಸಲ ಎಲ್ಲೂ ದೂರ ಬೇಡ. ಮಹಾರಾಜರ ಕೋಟೆಗೆ ಹೋಗೋಣ!”

“ಆಹಾ!” ಎಂದ ಜಸಿಂತು. “ನವಿಲು ಬಂದು ಇವರ ಕೈ ಮುಟ್ಟೋದನ್ನ ಕಣ್ಣಾರೆ ನೋಡ್ಬೇಕು ಅಂತ ಎಷ್ಟು ದಿನದಿಂದ ಆಸೆ ನಂಗೆ.”

“ಜೂನಲ್ಲಿ ನವಿಲಿಗೆ ಪುಕ್ಕ ಉದುರೋ ಕಾಲ” ಎಂದ ಅರ್ಲಿಂದು. “ಅವಕ್ಕೂ ಮುಜುಗರ ಇರುತ್ತೆ.”

“ಪರವಾಗಿಲ್ಲ. ನಾವೇನು ಹೆಣ್ಣು ನೋಡೋಕೆ ಹೋಗ್ತಿದ್ದೀವಾ?”

ಮನೆಯಲ್ಲಿ ಅರ್ಲಿಂದು ಮಂಡಿ ನೋವೆಂದು ಮಲಗಿದ. ಫೆಲಿಸ್ಮಿನಾ ಒಲೆಯ ಮುಂದೆ ನಿಂತು ಮಾಂಸದ ಹೋಳುಗಳಿಗೆ ಬ್ರೆಡ್ಡಿನ ಪುಡಿ ಹಚ್ಚಿ ಕರಿಯುತ್ತಿದ್ದಳು. ತಿರುಗಿ ಕೂಡ ನೋಡದೆ ಹೇಳಿದಳು: “ಯಾವ ಮಂಡಿ ಅಂತ ಮೊದ್ಲು ತೀರ್ಮಾನ ಮಾಡ್ರೀ. ಬೆಳಿಗ್ಗೆ ಎಡಗಾಲು ಕುಂಟ್ತಿದ್ರಿ, ಈಗ ಬಲಗಾಲು ಹಿಡ್ಕೊಂಡಿದ್ದೀರ.”

“ಎರಡೂ ಒಂದೇ ದೇಹದ್ದಲ್ವೇನೇ.”

“ಮದುವೆ ಆದಾಗಿಂದ ಕೇಳ್ತಿದ್ದೀನಿ, ನೀವು ಹುಟ್ಟಿದ ಬೀದಿ ತೋರಿಸಿ ಅಂತ. ಹಬ್ಬಕ್ಕೆ ಅಂದ್ರೆ ಜನಜಂಗುಳಿ, ಚಳಿಗಾಲಕ್ಕೆ ಅಂದ್ರೆ ಗಾಳಿ. ಈ ಸಲ ನಾನಂತೂ ಹೋಗೋಳೇ. ನೀವು ಬಂದ್ರೆ ಬನ್ನಿ.”

ಮಹಾರಾಜರಿಲ್ಲದೆ ಪ್ರಜೆಗಳು ಕೋಟೆಗೆ ಹೋಗಿ ಅಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸುವುದನ್ನು ನೆನೆದು ಅರ್ಲಿಂದುವಿನ ಎರಡೂ ಮಂಡಿ ಕೂಡಲೇ ಗುಣವಾದವು.

ಭಾನುವಾರ ಅವರು ನದಿ ದಾಟಿ ಗುಡ್ಡ ಹತ್ತಿದರು. ಸಂತ ಅಂತೋನಿಯ ಹಬ್ಬದ ಕಾಲ. ಗಲ್ಲಿಗಳ ಮೇಲೆಲ್ಲ ಬಣ್ಣದ ಕಾಗದದ ತೋರಣ, ಮೂಲೆ ಮೂಲೆಯಲ್ಲಿ ಕೆಂಡದ ಮೇಲೆ ಮೀನು ಸುಡುವ ಹೊಗೆ, ಮೆಟ್ಟಿಲುಗಳ ಮೇಲೆ ತುಳಸಿ ಜಾತಿಯ ಪುಟ್ಟ ಗಿಡಗಳ ಕುಂಡಗಳು. ಬಾಲ್ಬಿನು ಒಂದು ಕುಂಡ ಎತ್ತಿ ಮೂಗು ತೂರಿಸಿದ.

“ಮೂಗು ತೆಗಿ!” ಅರ್ಲಿಂದು ಕೂಗಿಬಿಟ್ಟ. “ಮೂಗು ಇಟ್ರೆ ಗಿಡ ಬಾಡುತ್ತೆ. ಅಂಗೈಯಲ್ಲಿ ಸವರಿ ಕೈ ಮೂಸ್ಬೇಕು.” ಹೇಳುತ್ತಲೇ ತಾನು ಸವರಿ ಕೈ ಮೂಸಿದ. “ಅಮ್ಮ ಇದೇ ಗಿಡಾನ ಅಟ್ಟದ ಕಿಟಕೀಲಿ ಇಡ್ತಿದ್ಳು” ಎಂದ. ಕೈಯನ್ನು ಮುಖದಿಂದ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೆಂಡತಿ ಅದನ್ನು ನೋಡಿದಳು.

ಹೊರಬಾಗಿಲ ಕಮಾನು ದಾಟಿ ಇಗರ್ಜಿಯ ಚೌಕಕ್ಕೆ ಬಂದರು. ಅದರಾಚೆ ಕೋಟೆಯ ಟಿಕೆಟ್ಟಿನ ಬಾಗಿಲು. ಅಲ್ಲಿ ಕಾವಲುಗಾರ ಇರಲಿಲ್ಲ. ಕುರ್ಚಿಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಕೂತಿದ್ದಳು. ಅವಳು ಏಳಲಿಲ್ಲ.

ಅರ್ಲಿಂದು ಗಂಟಲು ಸರಿಮಾಡಿಕೊಂಡ. “ನಾನು ಈ ಕೋಟೆಯವನಮ್ಮ.”

“ಒಳ್ಳೇದು ಯಜಮಾನ್ರೆ. ಈಗ ಮನೆ ಎಲ್ಲಿ?”

“ಈಗ... ಬರೈರು.”

“ಅದು ನದಿಯಾಚೆ. ಬಿಟ್ಟಿ ಬಿಡೋದು ಈ ಊರಲ್ಲಿ ಇರೋರನ್ನ ಮಾತ್ರ.”

“ಹುಟ್ಟಿದ್ದು ಇಲ್ಲೇ. ಕ್ವಾರೆಸ್ಮಾ ಅಂತ. ನವಿಲುಗಳು...” ಎಂದು ಶುರುಮಾಡಿ ಅರ್ಲಿಂದು ನಿಲ್ಲಿಸಿದ. ಹಿಂದಿನಿಂದ ಜಸಿಂತು, “ನವಿಲುಗಳನ್ನೇ ಕರೆದು ಕೇಳಮ್ಮ, ಅವು ಹೇಳ್ತವೆ” ಎಂದ.

ಹೆಂಗಸಿಗೆ ಪಾಪ ಅನ್ನಿಸಿರಬೇಕು. “ನೋಡಿ ತಾತ, ನಾನು ಬೇರೆ ಕಡೆಯೋಳು. ಈ ಚೌಕದಲ್ಲಿ ಹಳಬರು ಇನ್ನೂ ಒಂದಿಬ್ಬರು ಇದ್ದಾರೆ. ಅವರಲ್ಲಿ ಯಾರಾದ್ರೂ ಬಂದು ‘ಇವನು ನಮ್ಮವನು’ ಅಂದ್ರೆ ಸಾಕು, ನಾನೇ ಎದ್ದು ಬಾಗಿಲು ತೆಗೀತೀನಿ.”

“ಅದಕ್ಕೇನಂತೆ!” ಎಂದ ಬಾಲ್ಬಿನು ಉತ್ಸಾಹದಿಂದ. “ಇಡೀ ಚೌಕವೇ ಹೇಳುತ್ತೆ!”

ಇಡೀ ಚೌಕದಲ್ಲಿ ಆಗ ಐಸ್‌ಕ್ರೀಮ್ ನೆಕ್ಕುವ ವಿದೇಶಿಯರಿದ್ದರು. ಅರ್ಲಿಂದು ಹುಟ್ಟಿದ ಅಟ್ಟದ ಕೆಳಗೆ ಇದ್ದಿಲ ಅಂಗಡಿ ಇದ್ದ ಜಾಗದಲ್ಲಿ, ಬಾಟಲಿಯ ಬಿರಡೆ ಮಾಡುವ ಮರದ ತೊಗಟೆಯಿಂದ ಹೊಲಿದ ಕೈಚೀಲಗಳು ನೇತಾಡುತ್ತಿದ್ದವು. ಮೇಲಿನ ಅಟ್ಟದ ಕಿಟಕಿಯಲ್ಲಿ ಯಾರದೋ ಒದ್ದೆ ಈಜುಡುಗೆ. ಆದರೆ ಮೂಲೆಯಲ್ಲಿ ತಣ್ಣನೆಯ ಬಾಟಲಿಗಳನ್ನು ಜೋಡಿಸಿಕೊಂಡು ಕೂತಿದ್ದ ಬೋಳುತಲೆಯ ಮುದುಕನೊಬ್ಬ, ಉರುಳಿಬಿದ್ದ ಬಾಟಲಿಯೊಂದಕ್ಕೆ ಅದರ ಅಜ್ಜಿಯವರೆಗೂ ಬೈಯುತ್ತಿದ್ದ. ಅರ್ಲಿಂದು ಗುರುತು ಹಿಡಿದ. ಅದು ಪಾದ್ರಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಏಟು ತಿಂದವರು. “ಲೋ ಪಾದ್ರಿ” ಎಂದರೆ ಸಾಕಿತ್ತು. ಆದರೆ “ಲೋ ಪಾದ್ರಿ” ಎಂದವನಿಗೆ ಮರುಕ್ಷಣವೇ ಏನು ಉತ್ತರ ಬರುತ್ತದೆಂದು ಅವನಿಗೆ ಗೊತ್ತಿತ್ತು.

“ನಮಸ್ಕಾರ” ಎಂದ ಅರ್ಲಿಂದು, ಪರಸ್ಥಳದವನ ಹಾಗೆ. “ನಾನು ಅರ್ಲಿಂದು ಕ್ವಾರೆಸ್ಮಾ.”

“ಆಗಲಿ ಬಿಡಿ” ಎಂದ ಪಾದ್ರಿ. “ನೀರೋ ಬಿಯರೋ?”

“ಅಲ್ಲ. ನಾನು ಇಲ್ಲಿಯವನು. ನೆನಪಿಲ್ವೇ?”

ಪಾದ್ರಿ ಕಣ್ಣು ಕಿರಿದು ಮಾಡಿ ನೋಡಿದ. “ಹುಟ್ಟಿದಾಗಿಂದ ಈ ಚೌಕ ಬಿಟ್ಟು ಕದಲಿಲ್ಲ ನಾನು. ಕ್ವಾರೆಸ್ಮಾ ಅನ್ನೋ ಹಾಳು ಹೆಸರು ಈ ಕಿವಿಗೆ ಬಿದ್ದೇ ಇಲ್ಲ. ನೀವು ಅಲ್ಫಾಮದೋರಿರಬೇಕು.”

ಅಲ್ಫಾಮ ಎಂದರೆ ಗುಡ್ಡದ ಕೆಳಗಿನ ಕೇರಿ. ಕೋಟೆಯವರಿಗೂ ಅವರಿಗೂ ಹಬ್ಬದ ಮೆರವಣಿಗೆಯ ವಿಷಯದಲ್ಲಿ ತಲೆತಲಾಂತರದ ಜಗಳ. ಕೋಟೆಯವನನ್ನು ಕಳ್ಳ ಎಂದರೆ ಸಹಿಸಬಹುದು, ಅಲ್ಫಾಮದವನು ಎನ್ನಬಾರದು.

“ಯಾರಯ್ಯ ಅಲ್ಫಾಮದೋನು!” ಅರ್ಲಿಂದುವಿನ ಮೀಸೆ ನಡುಗಿತು. “ನಾನು ಇದೇ ಕಲ್ಲಿನ ಮೇಲೆ ಬಿದ್ದು ಹಲ್ಲು ಮುರಿದುಕೊಂಡೋನು!”

“ಈ ಕಲ್ಲಿನ ಮೇಲೆ ವಾರಕ್ಕೊಬ್ಬ ಪ್ರವಾಸಿ ಬೀಳ್ತಾನೆ. ಎಲ್ಲರೂ ಊರವರೇನು? ಬೀದಿಯವರು ನಿಮ್ಮನ್ನ ಏನಂತ ಕರೀತಿದ್ರು, ಅದು ಹೇಳಿ. ಇಲ್ಲಿ ನಮಗೆ ಹೆಸರು ಗೊತ್ತಿರುತ್ತೆ, ಮನೆತನದ ಹೆಸರಲ್ಲ.”

ಬರೈರಿನ ಬಳಗವೆಲ್ಲ ಅರ್ಲಿಂದುವಿನ ಬಾಯಿಯನ್ನೇ ನೋಡುತ್ತಿತ್ತು. ಬಾಲ್ಬಿನು ನೆರವಿಗೆ ಬಂದ: “ನಾವಂತೂ ಇವರನ್ನ ರಾಜ ಅಂತಲೇ ಕರೆಯೋದು.”

“ಹೂಂ... ಹಾಗೇ” ಎಂದ ಅರ್ಲಿಂದು, ಮುಳುಗುವವನು ಹಗ್ಗ ಹಿಡಿದ ಹಾಗೆ. “ಇಲ್ಲೂ ರಾಜ ಅಂತಲೇ ಅಂತಿದ್ರು.”

ಪಾದ್ರಿಯ ಮುಖ ಮೊದಲ ಬಾರಿಗೆ ಅರಳಿತು. “ರಾಜ! ಇದ್ದಿಲ ಅಂಗಡಿ ರಾಜ!”

“ಅದೇ, ಅದೇ!” ಎಂದ ಬಾಲ್ಬಿನು. “ನಾನು ಹೇಳಲಿಲ್ವಾ?”

“ಚೆನ್ನಾಗಿ ನೆನಪಿದೆ. ಈ ಕೋಟೆಲಿ ರಾಜ ಅಂತ ಇದ್ದಿದ್ದು ಒಬ್ಬನೇ. ಒಂದು ಕಿವಿ ಹರಿದಿತ್ತು. ಇದ್ದಿಲು ಮಾರೋನ ಕತ್ತೆ.”

ಜಸಿಂತು ಕಲ್ಲುಬೆಂಚಿನ ಮೇಲೆ ಕುಸಿದು ಕೂತು ನಕ್ಕ. ಬುತ್ತಿಯ ಬುಟ್ಟಿ ಹಿಡಿದವರು ಬುಟ್ಟಿ ಕೆಳಗಿಟ್ಟು ನಕ್ಕರು. ವಿಷಯ ತಿಳಿಯದ ಇಬ್ಬರು ವಿದೇಶಿಯರೂ ಸಭ್ಯತೆಗಾಗಿ ನಕ್ಕು ಫೋಟೋ ತೆಗೆದುಕೊಂಡರು. ಅರ್ಲಿಂದುವಿಗೂ ಆ ಕ್ಷಣದಲ್ಲೇ ಕತ್ತೆ ನೆನಪಾಯಿತು. ಅವನ ಅಟ್ಟದ ಕೆಳಗೇ ಅದನ್ನು ಕಟ್ಟುತ್ತಿದ್ದರು. ಚಳಿಯ ರಾತ್ರಿಗಳಲ್ಲಿ ಹಲಗೆಯ ಸಂದಿನಿಂದ ಅದರ ಉಸಿರಿನ ಬಿಸಿ ಮೇಲೆ ಬರುತ್ತಿತ್ತು. ಬಾಳಿನುದ್ದಕ್ಕೂ ತಾನು ಒಂದು ಕತ್ತೆಯ ಹೆಸರಿನಲ್ಲಿ ರಾಜ್ಯವಾಳಿದೆನಲ್ಲ ಎಂದು ಅವನಿಗೆ ಅಳುವೂ ಬಂತು, ಆ ಕತ್ತೆಯನ್ನು ನೆನೆದು ಅದಕ್ಕಿಂತ ಹೆಚ್ಚು ಅಳು ಬಂತು.

“ಬನ್ರಪ್ಪ, ಟಿಕೆಟ್ ತಗೊಂಡೇ ಒಳಗೆ ಹೋಗೋಣ” ಎಂದ ಜಸಿಂತು ಕಣ್ಣೊರೆಸಿಕೊಂಡು. “ಕತ್ತೆಗೂ ಒಂದು ತಗೊಳ್ರೋ.”

ಬಳಗ ಬಾಗಿಲ ಕಡೆ ಹೊರಟಿತು. ಅರ್ಲಿಂದು ಇಗರ್ಜಿಯ ಮೆಟ್ಟಿಲ ಮೇಲೆ ಕೂತ. ಫೆಲಿಸ್ಮಿನಾ ಮಾತ್ರ ಹೋಗಲಿಲ್ಲ. ಬುಟ್ಟಿಯನ್ನು ಕಂಕುಳಿಗೇರಿಸಿಕೊಂಡು ಎದುರು ನಿಂತಳು.

“ರೀ, ಒಂದು ಮಾತು ಕೇಳ್ತೀನಿ. ಕಾವಲುಗಾರ ಎದ್ದು ನಿಲ್ತಾನೆ ಅಂದಾಗ ನಾನು ನಂಬಿರಲಿಲ್ಲ. ನವಿಲು ನಿಮ್ಮವು ಅಂದಾಗ್ಲೂ ನಂಬಿರಲಿಲ್ಲ. ಆದ್ರೆ ಅಮ್ಮ ಕಿಟಕೀಲಿ ಗಿಡ ಇಡ್ತಿದ್ಳು ಅಂದ್ರಲ್ಲ, ಅದನ್ನ ನಂಬಿದ್ದೆ. ಅದೂ ಸುಳ್ಳೇ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅರ್ಲಿಂದುವಿಗೆ ಅಭ್ಯಾಸವಿತ್ತು. ಅವನು ಅಟ್ಟದ ಕಿಟಕಿಯ ಕಡೆ ನೋಡಿದ. ಗೋಡೆಯೊಳಗಿನಿಂದ ನವಿಲೊಂದು ಕರ್ಕಶವಾಗಿ ಕೂಗಿತು. ಅರ್ಲಿಂದು ಎದ್ದ. ಬಾಗಿಲ ಬಳಿ ಸಾಲಿನಲ್ಲಿ ನಿಂತಿದ್ದ ಜಸಿಂತುವಿನ ಕಡೆ ಒಮ್ಮೆ ನೋಡಿದ, ಚೌಕದ ನಟ್ಟನಡುವೆ ಬಂದು ನಿಂತ, ಟೋಪಿ ತೆಗೆದ, ದೋಣಿಯಲ್ಲಿ ದಡದವರನ್ನು ಕೂಗುತ್ತಿದ್ದ ಹಳೆಯ ಗಂಟಲಿನಲ್ಲಿ ಕೂಗಿದ:

“ನಾನು ಕಾವುಕೋಳಿ!”

ಪಾರಿವಾಳಗಳು ಹಾರಿದವು. ಎರಡನೆಯ ಮಹಡಿಯಲ್ಲಿ ಒಂದು ಕಿಟಕಿ ದಡಾರೆಂದು ತೆರೆಯಿತು. ಬೆಳ್ಳಗಿನ ಜಡೆಯ, ಬಾಯಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಅರ್ಧ ದೇಹವನ್ನೇ ಹೊರಗೆ ಚಾಚಿದಳು.

“ಯಾರೋ ಅದು ನನ್ನ ಕಾವುಕೋಳಿ ಹೆಸರೆತ್ತಿದ್ದು?”

“ನಾನೇ ಇದಲೀನಕ್ಕಾ!”

“ಅಯ್ಯೋ ನನ್ ಕಂದಾ! ಎಲ್ಲಿ ಹೋಗಿದ್ಯೋ ಇಷ್ಟ್ ದಿನ? ಏನೋ ಇದು, ತಲೆಕೂದ್ಲು ಏನ್ ಮಾಡ್ಕೊಂಡೆ?”

ಪಾದ್ರಿ ಬಾಟಲಿಗಳನ್ನು ದಾಟಿ ಓಡಿ ಬಂದ. “ಕಾವುಕೋಳಿನಾ? ನಿನ್ ವಂಶ ಹಾಳಾಗ! ಕ್ವಾರೆಸ್ಮಾ ಅಂತೆ, ಕ್ವಾರೆಸ್ಮಾ! ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೋ ದರಿದ್ರದೋನೆ!” ಎಂದು ಬೈಯುತ್ತ ಬೈಯುತ್ತ ಅಪ್ಪಿಕೊಂಡ. ಅಪ್ಪುಗೆ ಬಿಗಿಯಾದಂತೆ ಬೈಗುಳವೂ ಬಿಗಿಯಾಯಿತು.

ಬರೈರಿನ ಬಳಗ ಟಿಕೆಟ್ಟಿನ ಸಾಲು ಬಿಟ್ಟು ಓಡೋಡಿ ಬಂತು. ಜಸಿಂತು ಕಿಟಕಿಯ ಕೆಳಗೆ ನಿಂತು ಕೈ ಜೋಡಿಸಿದ. “ಅಜ್ಜೀ, ಕಾವುಕೋಳಿ ಅಂದ್ರಲ್ಲ, ಅದೇನು?”

ಇದಲೀನಾಳಿಗೆ ಇಂಥ ಪ್ರಶ್ನೆ ಕೇಳುವವರು ಸಿಕ್ಕಿ ಬಹಳ ಕಾಲವಾಗಿತ್ತು. ಮೊಣಕೈಗೆ ಒಂದು ದಿಂಬು ತಂದಿಟ್ಟುಕೊಂಡಳು.

“ಇಷ್ಟೇ ಇಷ್ಟಿದ್ದ. ಕೋಟೆ ಒಳಗೆ ಹೆಣ್ಣು ನವಿಲಿನ ಮೇಲೆ ನಾಯಿ ಬಿತ್ತು. ಮೊಟ್ಟೆ ಮಾತ್ರ ಉಳೀತು. ಇವನು ಅಂಗೀಲಿ ಸುತ್ಕೊಂಡು ತಂದ. ಅವರಮ್ಮ ಒಗೆಯೋ ಬಟ್ಟೆ ಬುಟ್ಟೀಲಿಟ್ಟು, ಮೇಲೆ ತಾನೇ ಕೂತ! ಸ್ಕೂಲಿಗೆ ಹೋಗಲ್ಲ, ಊಟಕ್ಕೆ ಏಳಲ್ಲ. ಇಗರ್ಜಿ ಪಾದ್ರಿಗಳ ಬಿಳಿ ನಿಲುವಂಗಿ ಇಸ್ತ್ರಿಗೆ ಬಂದಿತ್ತು, ಅದೂ ಇವನ ಅಡೀಲೇ. ಸಾಕ್ಷಾತ್ ಪಾದ್ರಿಗಳೇ ಬಂದು ‘ಏಳಪ್ಪ, ಪೂಜೆಗೆ ಹೊತ್ತಾಯ್ತು’ ಅಂದ್ರೆ, ‘ಎದ್ರೆ ತಣ್ಣಗಾಗ್ತವೆ ಸ್ವಾಮೀ’ ಅಂತಾನೆ! ಆವತ್ತು ಪಾದ್ರಿಗಳು ನಿಲುವಂಗಿ ಇಲ್ದೇ ಪೂಜೆ ಮಾಡಿದ್ರು.”

ಚೌಕಕ್ಕೆ ಚೌಕವೇ ನಕ್ಕಿತು. ಜಸಿಂತು ನಗುನಗುತ್ತ ಅರ್ಲಿಂದುವಿನ ಕಡೆ ತಿರುಗಿದ, ಏನೋ ಹೇಳಲು ಬಾಯಿ ತೆರೆದ. ಆದರೆ ಅರ್ಲಿಂದು ನಗುತ್ತಿರಲಿಲ್ಲ, ನಾಚಿಕೊಂಡೂ ಇರಲಿಲ್ಲ.

“ಆಮೇಲೆ ಅಮ್ಮ ಎಳೆದು ಎಬ್ಬಿಸಿದ್ಳು” ಎಂದ ಅವನು ಮೇಲೆ ನೋಡುತ್ತ. “ಅಪ್ಪನಿಗೆ ಆಚೆ ದಡದ ಕಾರ್ಖಾನೇಲಿ ಕೆಲಸ ಸಿಕ್ಕಿತ್ತು. ಸಾಮಾನೆಲ್ಲ ಗಾಡಿಗೆ ಹಾಕಿದ್ರು. ನಾನು ಎದ್ದುಬಿಟ್ಟೆ ಅಕ್ಕಾ. ಅವು ತಣ್ಣಗಾಗಿರಬೇಕು.”

ಫೆಲಿಸ್ಮಿನಾ ಅವನ ತೋಳು ಹಿಡಿದಳು. ಗುಡ್ಡ ಹತ್ತದೆ ತಪ್ಪಿಸಿಕೊಂಡು ತಿರುಗಿದ್ದು ಒಂದು ಅಡ್ಡಹೆಸರಿಗಾಗಿ ಮಾತ್ರವಲ್ಲ ಎಂದು ಅವಳಿಗೆ ಆಗ ತಿಳಿಯಿತು. ಅವಳಿಗೆ ಸಂಕಟವಾಯಿತು, ಅದರ ಬೆನ್ನಿಗೇ ಪ್ರೀತಿಯೂ ಬಂತು.

“ಯಾರೋ ಹೇಳಿದ್ದು ತಣ್ಣಗಾದ್ವು ಅಂತ?” ಎಂದು ಗದರಿದಳು ಇದಲೀನಾ. “ನಿಲ್ಲು, ಬರ್ತೀನಿ ಕೆಳಗೆ.”

ಅವಳು ಕೆಳಗಿಳಿದು ಬರುವಷ್ಟರಲ್ಲಿ ಇಡೀ ಬಳಗ ಬಾಗಿಲ ಮುಂದೆ ಸೇರಿತ್ತು. “ಇವನು ನಮ್ಮವನು” ಎಂದಳು ಇದಲೀನಾ, ಕೋಲನ್ನು ನೆಲಕ್ಕೆ ಕುಟ್ಟಿ. “ನಮ್ಮವನೇ, ಸುಡುಗಾಡು!” ಎಂದು ಪಾದ್ರಿ ಅನುಮೋದಿಸಿದ. ದಪ್ಪನೆಯ ಹೆಂಗಸು ಕೊಟ್ಟ ಮಾತಿಗೆ ತಪ್ಪದೆ ಕುರ್ಚಿಯಿಂದ ಎದ್ದು ನಿಂತು ಬಾಗಿಲು ತೆಗೆದಳು. ಅರ್ಲಿಂದು ಹೇಳಿದ್ದ ಸುಳ್ಳುಗಳಲ್ಲಿ ಎರಡು ಹೀಗೆ ನಿಜವಾದವು. ಉಳಿದವರೆಲ್ಲ ಟಿಕೆಟ್ ಕೊಂಡರು. ಜಸಿಂತು ಎಲ್ಲರಿಗಿಂತ ಕೊನೆಯಲ್ಲಿ ಕೊಂಡ.

ಒಳಗೆ ದೊಡ್ಡ ಪೈನ್ ಮರಗಳ ನೆರಳು, ತುಕ್ಕು ಹಿಡಿದ ಫಿರಂಗಿಗಳು, ಗೋಡೆಯ ಅಂಚಿನಾಚೆ ಕೆಳಗೆ ಹಂಚಿನ ಸೂರುಗಳು, ಅದರಾಚೆ ನದಿ. ಬುಟ್ಟಿ ಬಿಚ್ಚಿದರು. ನವಿಲುಗಳು ಫಿರಂಗಿಯ ಮೇಲೂ ಮರದ ಕೊಂಬೆಯ ಮೇಲೂ ಕೂತು ಪ್ರವಾಸಿಗಳನ್ನು ತಾತ್ಸಾರದಿಂದ ನೋಡುತ್ತಿದ್ದವು.

“ನಿಮ್ಮ ಗಾಡಿ ಕಮಾನು ದಾಟೋಕೆ ಮುಂಚೇನೇ ನಿಮ್ಮಮ್ಮ ಮೊಟ್ಟೆಗಳನ್ನ ಬುಟ್ಟಿ ಸಮೇತ ನನ್ನ ಕೈಗೆ ಕೊಟ್ಟಿದ್ಳು” ಎಂದಳು ಇದಲೀನಾ, ಕಲ್ಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡು. “‘ನೋಡೇ, ಹುಡುಗ ಅಳ್ತಿದ್ದಾನೆ’ ಅಂದ್ಳು. ನಾನು ಹೋಗಿ ಈ ಪಾದ್ರಿ ಮನೆ ಕೋಳಿ ಅಡಿಗಿಟ್ಟೆ.”

“ನಮ್ಮ ಕೋಳಿ” ಎಂದ ಪಾದ್ರಿ ಎದೆಯುಬ್ಬಿಸಿ. “ಕೆಂಪು ಕೋಳಿ. ಅಂಥ ಕೋಳಿ ಇಡೀ ಲಿಸ್ಬನ್ನಲ್ಲಿರಲಿಲ್ಲ.”

“ಅದರಲ್ಲಿ ಒಂದು ಒಡೀತು. ಗಂಡು. ಕೋಳಿ ಹಿಂದೇನೇ ಈ ಚೌಕವೆಲ್ಲ ಸುತ್ತಿತು, ಪಾಪ, ತಾನೂ ಕೋಳಿ ಅಂದ್ಕೊಂಡು. ದೊಡ್ಡದಾದ ಮೇಲೆ ಒಳಗೆ ಬಿಟ್ವಿ. ಆಮೇಲೆ ಇದೆಲ್ಲ ಅದರ ಸಂಸಾರ ಅಂತ ನಾವು ಅನ್ನೋದು.” ಅವಳು ಕೋಲೆತ್ತಿ ಫಿರಂಗಿಯಿಂದ ಮರದವರೆಗೂ ತೋರಿಸಿದಳು.

“ಅರ್ಧ ಪಾಲು ನಮ್ಮ ಕೋಳೀದು” ಎಂದ ಪಾದ್ರಿ.

“ನಿನ್ ಕೋಳಿ ಕೂತಿದ್ದು ಆಮೇಲೆ ಕಣೋ. ಮೊದ್ಲು ಕಾವು ಕೊಟ್ಟಿದ್ದು ಇವನು.”

ಬಾಲ್ಬಿನು ಲೋಟಕ್ಕೆ ವೈನ್ ಬಗ್ಗಿಸಿ ಕೊಟ್ಟರೆ ಅರ್ಲಿಂದು ಅದನ್ನು ಹಿಡಿದುಕೊಂಡೇ ಕೂತ. ಅವನ ಕಣ್ಣು ಒಂದೊಂದೇ ನವಿಲಿನ ಮೇಲೆ ಹೋಗಿ ನಿಲ್ಲುತ್ತಿತ್ತು, ಮನೆಗೆ ತಡವಾಗಿ ಬಂದ ಹಿರಿಯನೊಬ್ಬ ಮಕ್ಕಳೆಲ್ಲ ಇದ್ದಾರೋ ಎಂದು ನೋಡುವ ಹಾಗೆ.

ಅಷ್ಟರಲ್ಲಿ ಎಲ್ಲಕ್ಕಿಂತ ಚಿಕ್ಕದೊಂದು ನವಿಲು ಫಿರಂಗಿಯಿಂದ ಧುಮುಕಿ, ಬಾಲವೆಳೆದುಕೊಂಡು ಬಂದು, ಬಳಗದ ಮುಂದೆ ಕತ್ತು ಕೊಂಕಿಸಿ ನಿಂತಿತು. ಜಸಿಂತು ಫೆಲಿಸ್ಮಿನಾ ಕರಿದ ಮಾಂಸದ ಹೋಳೊಂದನ್ನು ಮುರಿದು, “ಬಾ ಬಾ” ಎಂದು ಕೈ ಚಾಚಿದ.

“ಬೇಡ ಜಸಿಂತು” ಎಂದ ಅರ್ಲಿಂದು. ದನಿ ತಗ್ಗಿತ್ತು. ಆದರೆ ಅದರಲ್ಲಿ ಮಹಾರಾಜನಾಗಿದ್ದಾಗ ಎಂದೂ ಇಲ್ಲದ ಒಂದು ಅಧಿಕಾರವಿತ್ತು. “ಮೊಮ್ಮಕ್ಕಳಿಗೆ ಕರಿದಿದ್ದೆಲ್ಲ ಆಗಿಬರಲ್ಲ.”

ಜಸಿಂತು ಅವನ ಮುಖ ನೋಡಿದ, ನವಿಲಿನ ಮುಖ ನೋಡಿದ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ತಲೆಯ ಮೇಲಿನ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.